ಕೊನೆಯ ದಿನಗಳಲ್ಲಿ ಡ್ರಿಪ್ ಹಾಕಿಸಬೇಕೆ?

ಪ್ರಶ್ನೆ: ಅಪ್ಪನಿಗೆ ಕ್ಯಾನ್ಸರ್, ಕೊನೆಯ ಹಂತ. ಇನ್ನು ಕೆಲವೇ ದಿನ ಎಂದು ವೈದ್ಯರು ಮನೆಗೆ ಕಳಿಸಿದ್ದಾರೆ. ಅನ್ನ ಮುಟ್ಟುತ್ತಿಲ್ಲ. ಉಪವಾಸ ಕೆಡವಿ ಸಾಯಿಸುತ್ತಿದ್ದೀರಿ ಎಂದು ನೆಂಟರು ಬೈಯುತ್ತಿದ್ದಾರೆ. ಡ್ರಿಪ್ ಹಾಕಿಸಲೇ?

ಅಂತ್ಯಕಾಲದ ಡೌಲಾಗಳಾದ, ಅಂದರೆ ಸಾವಿನಂಚಿನಲ್ಲಿರುವವರ ಪಕ್ಕದಲ್ಲಿದ್ದು ಮನೆಯವರಿಗೆ ನೆರವಾಗುವ ನಮಗೆ ಇಷ್ಟು ಸಲ ಎದುರಾಗುವ ಪ್ರಶ್ನೆ ಇನ್ನೊಂದಿಲ್ಲ. ಬೈಯುವ ನೆಂಟರಿಗೇ ಇದನ್ನು ಓದಿಸಿ. ಸಾವು ಹತ್ತಿರವಾದಾಗ ಹಸಿವು ತಾನಾಗಿ ಹೋಗುತ್ತದೆ. ಕರುಳಿನ ಕೆಲಸ ನಿಧಾನವಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಆಗ ಬಾಟಲಿಗಟ್ಟಲೆ ಗ್ಲೂಕೋಸ್ ಏರಿಸಿದರೆ ಆ ನೀರು ಕಾಲು ಊದಿಸುತ್ತದೆ, ಶ್ವಾಸಕೋಶದಲ್ಲಿ ನಿಂತು ಉಸಿರಾಟ ಕಷ್ಟವಾಗಿಸುತ್ತದೆ. ನರ ಸಿಗದೆ ನಾಲ್ಕು ಕಡೆ ಚುಚ್ಚುವುದು, ಸೂಜಿ ಕೀಳದಿರಲೆಂದು ಕೈ ಕಟ್ಟುವುದು ಬೇರೆ. ನಿನ್ನೆಯವರೆಗೆ ಎದ್ದು ಕೂರುತ್ತಿದ್ದವರು ವಾಂತಿ, ಭೇದಿಯಿಂದ ದಿಢೀರ್ ಕುಸಿದಿದ್ದರೆ ಲೆಕ್ಕ ಬೇರೆ, ವೈದ್ಯರನ್ನು ಕರೆಸಿ.

ಈ ಹೊತ್ತಿನಲ್ಲಿ ನಿಜವಾಗಿ ಕಾಡುವುದು ಬಾಯಿ ಒಣಗುವುದು. ಅದಕ್ಕೆ ಡ್ರಿಪ್ ಮದ್ದಲ್ಲ, ನಿಮ್ಮ ಕೈಯೇ ಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ. ಶುಭ್ರವಾದ ಹತ್ತಿಬಟ್ಟೆಯನ್ನು ಬೆರಳಿಗೆ ಸುತ್ತಿ, ಅದ್ದಿ, ಚೆನ್ನಾಗಿ ಹಿಂಡಿ, ಒಸಡು, ಕೆನ್ನೆಯ ಒಳಭಾಗ, ನಾಲಿಗೆ ಒರೆಸಿ. ಎಚ್ಚರವಿದ್ದಾಗ ಎರಡು ಗಂಟೆಗೊಮ್ಮೆಯಾದರೂ ಮಾಡಿ. ತುಟಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸಾಕು. ಬಟ್ಟೆ ಹಿಂಡದೆ ಒರೆಸಿದರೆ ನೀರು ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ.

ಗಂಗಾಜಲ, ತುಳಸಿ ನೀರು ಬಿಡಲೇಬೇಕು ಎನ್ನುವ ಮನೆಗಳಿವೆ. ಬಿಡಿ, ಬೇಡ ಎನ್ನುವುದಿಲ್ಲ. ಆದರೆ ಪ್ರಜ್ಞೆ ಇಲ್ಲದವರನ್ನು ಅಂಗಾತ ಮಲಗಿಸಿ ಉದ್ಧರಣೆಯಿಂದ ಸುರಿಯಬೇಡಿ. ನುಂಗಲಾಗದ ನೀರು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿಸಿ, ತಲೆ ಎತ್ತರಿಸಿ, ಒದ್ದೆ ಬೆರಳಿಂದ ಕೆಳತುಟಿಗೆ ಒಂದೆರಡು ಹನಿ ಸವರಿ.

ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಒಂದು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಡಿ. ಅದಕ್ಕೆ ವೈದ್ಯರು ಕೊಡುವ ಔಷಧಿ ಹೊಸ ಜೊಲ್ಲು ಕೂಡದಂತೆ ತಡೆಯುತ್ತದೆ, ಕೂಡಿದ್ದನ್ನು ತೆಗೆಯುವುದಿಲ್ಲ. ಆದ್ದರಿಂದ ಸದ್ದು ಶುರುವಾದ ಕೂಡಲೇ ಫೋನ್ ಮಾಡಿ.

ಪ್ರಶ್ನೆ: ನೋವಿಗೆಂದು ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರಾ?

ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಇಲ್ಲ. ನೋವು ಬಂದಮೇಲೆ ಕೊಡೋಣ ಎಂದು ಹೊತ್ತು ತಪ್ಪಿಸಬೇಡಿ. ಮಲಬದ್ಧತೆಯ ಮಾತ್ರೆಯನ್ನೂ ಜೊತೆಗೇ ಕೇಳಿ ಪಡೆಯಿರಿ.

ಪ್ರಶ್ನೆ: ಕೊನೆಯ ಹಂತಕ್ಕೂ ಕಷಾಯ ಇದೆ ಎಂದು ಒಬ್ಬರು ಹೇಳಿದ್ದಾರೆ.

ನುಂಗಲಾಗದವರ ಬಾಯಿಗೆ ಕಷಾಯ ಹೊಯ್ಯಿಸುವವನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಡೌಲಾ ಇಂಜೆಕ್ಷನ್ ಕೊಡುತ್ತಾರಾ?

ಇಲ್ಲ. ಕೊಡುತ್ತೇನೆ ಎನ್ನುವವರನ್ನು ನಂಬಬೇಡಿ. ರಾತ್ರಿ ಪಾಳಿ ಯಾರದು, ಯಾರಿಗೆ ಮೊದಲು ಫೋನ್, ರೋಗಿಗೆ ಯಾರನ್ನು ನೋಡುವ ಆಸೆ ಎಂಬುದನ್ನು ಮನೆಯವರೊಂದಿಗೆ ಕೂತು ಬರೆದಿಡುವುದು, ರೋಗಿಯ ಪಕ್ಕ ಇರುವುದು ನಮ್ಮ ಕೆಲಸ. ಮನೆಯಲ್ಲಿ ಸಾವಾದರೆ ಕಾರಣ ಬರೆದುಕೊಡುವ ವೈದ್ಯರು ಯಾರೆಂದು ಈಗಲೇ ಗೊತ್ತುಮಾಡಿಕೊಳ್ಳಿ. ನೋಂದಣಿಗೆ 21 ದಿನ ಸಮಯವಿದೆ.