ಕಳೆ ಕಿತ್ತರೆ ಕೃಷಿ ಕಲಿತಂತೆಯೇ?

ಶಾಲೆಯ ತೋಟದಲ್ಲಿ ಪ್ರೌಢಶಾಲಾ ಮಕ್ಕಳು ವಾರಕ್ಕೆರಡು ದಿನ ಕಳೆ ಕೀಳುತ್ತಾರೆ, ನೀರು ಹಾಕುತ್ತಾರೆ, ಇದರಿಂದ ಮುಂದೆ ಉದ್ಯೋಗಕ್ಕೇನಾದರೂ ಉಪಯೋಗವಾದೀತೇ ಎಂದು ಕೇಳಿದ್ದೀರಿ.

ಅಷ್ಟೇ ಆದರೆ ಇಲ್ಲ. ಮೈ ಬಗ್ಗುತ್ತದೆ, ಒಳ್ಳೆಯದೇ. ಆದರೆ ನರ್ಸರಿಯಲ್ಲೋ ಬೀಜ ಘಟಕದಲ್ಲೋ ಕೆಲಸಕ್ಕೆ ನಿಂತವರಿಗೆ ಮೊದಲ ದಿನವೇ ಬೇಕಾಗುವುದು ಅಳತೆ ಮತ್ತು ಲೆಕ್ಕ.

ಮೊಳಕೆ ಪರೀಕ್ಷೆಯಿಂದ ಶುರು ಮಾಡಿ. ಒದ್ದೆ ಕಾಗದದ ಮೇಲೆ 100 ಬೀಜ ಸಾಲಾಗಿಟ್ಟು ಸುರುಳಿ ಸುತ್ತಲಿ. ಬೇರೂ ಚಿಗುರೂ ಎರಡೂ ಸರಿಯಾಗಿ ಬಂದ ಸಸಿಯನ್ನಷ್ಟೇ ಎಣಿಸಬೇಕು. 80 ಮೊಳೆತವು ಎನ್ನಿ. ‘ಹಾಗಾದರೆ ಬೀಜ 20 ಶೇಕಡಾ ಜಾಸ್ತಿ ಹಾಕೋಣ’ ಎಂದು ಇಡೀ ತರಗತಿ ಕೂಗುತ್ತದೆ. 120 ಬೀಜ ಹಾಕಿದರೆ ಸಿಗುವುದು 96 ಸಸಿ. 100 ಸಸಿಗೆ ಬೇಕಾದ್ದು 125 ಬೀಜ. ಈ ತಪ್ಪನ್ನು ಅವರೇ ಮಾಡಿ ಅವರೇ ಹಿಡಿಯಲಿ, ನೀವು ಬಾಯಿ ಹಾಕಬೇಡಿ.

ಇನ್ನು ಸ್ಪ್ರೇಯರ್. ಔಷಧ ಎಂದೂ ತುಂಬದ ಹೊಸ ಸ್ಪ್ರೇಯರ್ ಮತ್ತು ಬರೀ ನೀರು ಸಾಕು. ಮಕ್ಕಳ ಕೈಗೆ ಕೀಟನಾಶಕ ಕೊಡಲೇಬಾರದು. ಸಮತಟ್ಟು ಜಾಗದಲ್ಲಿಟ್ಟು ಗುರುತಿನ ತನಕ ನೀರು ತುಂಬಿ. 10 ಮೀಟರ್ ಉದ್ದ, 10 ಮೀಟರ್ ಅಗಲದ ತಾಕಿಗೆ ಒಂದೇ ವೇಗದ ನಡಿಗೆಯಲ್ಲಿ ಸಿಂಪಡಿಸಲಿ. ಮತ್ತೆ ಅದೇ ಜಾಗದಲ್ಲಿಟ್ಟು, ಗುರುತು ಮುಟ್ಟಲು ಎಷ್ಟು ನೀರು ಹಿಡಿಯಿತೆಂದು ಅಳತೆ ಜಾರ್‌ನಲ್ಲಿ ನೋಡಲಿ. 5 ಲೀಟರ್ ಹಿಡಿದರೆ ಹೆಕ್ಟೇರಿಗೆ 500 ಲೀಟರ್. ಹೆಕ್ಟೇರಿಗೆ 1 ಲೀಟರ್ ಔಷಧ ಎಂದು ಲೇಬಲ್ ಹೇಳಿದರೆ 16 ಲೀಟರ್ ಟ್ಯಾಂಕಿಗೆ ಬೀಳಬೇಕಾದ್ದು 32 ಮಿಲಿ. ಮುಚ್ಚಳದ ಲೆಕ್ಕದಲ್ಲಿ ಸುರಿಯುವ ಚಾಳಿ ಇಲ್ಲಿಗೇ ಬಿಡುತ್ತದೆ.

ಒಬ್ಬೊಬ್ಬರೂ ಮೂರು ಸಲ ಮಾಡಿ ಸರಾಸರಿ ತೆಗೆಯಲಿ. ಇಬ್ಬರ ಅಂಕಿ ತಾಳೆಯಾಗುವುದಿಲ್ಲ. ಒಬ್ಬ ಓಡಿರುತ್ತಾನೆ, ಇನ್ನೊಬ್ಬಳು ಪಂಪ್ ಒತ್ತುವುದನ್ನು ನಡುವೆ ನಿಲ್ಲಿಸಿರುತ್ತಾಳೆ. ನಡಿಗೆ ಸರಿಯಿದ್ದೂ ನೀರು ಹೆಚ್ಚು ಖರ್ಚಾದರೆ ನಾಝಲ್, ಅಂದರೆ ನೀರು ಚಿಮ್ಮುವ ತುದಿ, ನೋಡಿ. ಅದೇ ಒತ್ತಡದಲ್ಲಿ ಒಂದು ನಿಮಿಷ ಹಿಡಿದ ನೀರು ಹೊಸ ನಾಝಲ್‌ಗಿಂತ ಶೇಕಡಾ 10ಕ್ಕೂ ಮೀರಿ ಹೆಚ್ಚಿದ್ದರೆ ಬದಲಿಸಿ. ಕಟ್ಟಿಕೊಂಡಾಗ ತಂತಿ ಚುಚ್ಚಿದರೆ ತೂತು ಅಗಲವಾಗುತ್ತದೆ. ಮೆತ್ತನೆ ಬ್ರಷ್ ಬಳಸಿ.

ದಾಖಲೆ ಪುಸ್ತಕವನ್ನು ತೋಟದಲ್ಲೇ ಬರೆಯಲಿ, ತಪ್ಪಿದ ಅಂಕಿಯನ್ನು ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಪಡಿಸಲಿ. ಮನೆಯಲ್ಲಿ ಕೂತು ಅಂದವಾಗಿ ನಕಲಿಳಿಸಿದ ಪುಸ್ತಕಕ್ಕೆ ಅಂಕ ಕೊಡಬೇಡಿ.