ಗರ್ಭ ನಿಂತರೂ ಮಗು ರೂಪುಗೊಳ್ಳಲಿಲ್ಲವೇಕೆ?

ಪ್ರಶ್ನೆ: ನನಗೆ 27 ವರ್ಷ. ಮೂರನೆಯ ತಿಂಗಳಲ್ಲಿ ಸ್ಕ್ಯಾನಿಂಗ್ ಮಾಡಿದಾಗ ಗರ್ಭದಲ್ಲಿ ಮಗುವೇ ಇಲ್ಲ, ಇದು 'ಕಂಪ್ಲೀಟ್ ಮೋಲ್' ಎಂದು ಹೇಳಿ ಗರ್ಭಕೋಶವನ್ನು ಸ್ವಚ್ಛಗೊಳಿಸಿದರು. ನಾನು ಪಪ್ಪಾಯಿ ತಿಂದದ್ದೇ ಕಾರಣವೆಂದು ಮನೆಯಲ್ಲಿ ಹೇಳುತ್ತಾರೆ. ಮಗುವಿಲ್ಲದೆ ಗರ್ಭ ಬೆಳೆದದ್ದು ಹೇಗೆ? ಮುಂದೆ ನನಗೆ ಮಗುವಾಗುವುದೆ?
– ಓದುಗರೊಬ್ಬರು, ಹಾಸನ

ಉತ್ತರ: ಪಪ್ಪಾಯಿಯ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಗರ್ಭ ನಿಂತದ್ದು ನಿಮಗೆ ತಿಳಿಯುವ ಮೊದಲೇ, ಅಂಡ ಮತ್ತು ವೀರ್ಯಾಣು ಕೂಡಿದ ಹೊತ್ತಿನಲ್ಲಿಯೇ ಕಂಪ್ಲೀಟ್ ಮೋಲ್ ಎಂಬ ಈ ದೋಷ, ಅಂದರೆ ಮಗುವಿಲ್ಲದೆ ಮಾಸಿನ ಅಂಗಾಂಶ ಮಾತ್ರ ಬೆಳೆಯುವ ಗರ್ಭ, ಉಂಟಾಗಿರುತ್ತದೆ. ಅನಂತರ ನೀವು ತಿಂದದ್ದಾಗಲಿ, ಭಾರ ಎತ್ತಿದ್ದಾಗಲಿ ಅದಕ್ಕೆ ಕಾರಣವಲ್ಲ.

ಸಹಜ ಗರ್ಭದಲ್ಲಿ ತಾಯಿಯ 23 ಮತ್ತು ತಂದೆಯ 23 ಕ್ರೋಮೋಸೋಮುಗಳು (ಜೀನುಗಳನ್ನು, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳು) ಸೇರಿ 46 ಆಗುತ್ತವೆ. ಕಂಪ್ಲೀಟ್ ಮೋಲ್‌ನಲ್ಲಿಯೂ ಸಾಮಾನ್ಯವಾಗಿ 46 ಇರುತ್ತವೆಯಾದರೂ ಅವೆಲ್ಲವೂ ತಂದೆಯವು. ತಾಯಿಯ ಕ್ರೋಮೋಸೋಮುಗಳಿಲ್ಲದ ಅಂಡವನ್ನು ಹೊಕ್ಕ ಒಂದೇ ವೀರ್ಯಾಣು ತನ್ನ 23ನ್ನು ಇಮ್ಮಡಿಸಿಕೊಂಡಿರುತ್ತದೆ, ಕೆಲವೊಮ್ಮೆ ಎರಡು ವೀರ್ಯಾಣುಗಳು ಹೊಕ್ಕಿರುತ್ತವೆ. ಇವು ತಂದೆಯ ಕ್ರೋಮೋಸೋಮುಗಳೇ ಎಂಬುದನ್ನು ಕಾಜೀ ಮತ್ತು ಓಹಾಮಾ ಎಂಬ ವಿಜ್ಞಾನಿಗಳು 1977ರಲ್ಲಿ ತೋರಿಸಿದರು. (ಪಾರ್ಶಿಯಲ್ ಮೋಲ್ ಬೇರೆ, ಅಲ್ಲಿ ತಾಯಿಯ ಪಾಲೂ ಇದ್ದು, ಸಾಮಾನ್ಯವಾಗಿ ಎರಡು ವೀರ್ಯಾಣುಗಳು ಸೇರಿ ಒಟ್ಟು 69 ಆಗುತ್ತವೆ.)

ಲೆಕ್ಕ ಸರಿಯಿದ್ದರೂ ಮಗುವಾಗದಿರುವುದಕ್ಕೆ ಕಾರಣ, ಕೆಲವು ಜೀನುಗಳು ತಾಯಿಯಿಂದ ಬಂದಾಗ ಮಾತ್ರ, ಇನ್ನು ಕೆಲವು ತಂದೆಯಿಂದ ಬಂದಾಗ ಮಾತ್ರ ಕೆಲಸ ಮಾಡುತ್ತವೆ. 1984ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ತಂದೆಯ ಪಾಲು ಮಾತ್ರವಿದ್ದಾಗ ಮಾಸಿನ ಕಡೆಯ ಅಂಗಾಂಶ ಬೆಳೆದು ಭ್ರೂಣ ಕುಂಠಿತವಾಯಿತು. ತಾಯಿಯ ಪಾಲು ಮಾತ್ರವಿದ್ದಾಗ ಇದಕ್ಕೆ ವಿರುದ್ಧವಾಯಿತು. ನಿಮ್ಮಲ್ಲಿಯೂ ಫಲಿತ ಅಂಡ ವಿಭಜನೆಗೊಂಡು ಗರ್ಭಕೋಶಕ್ಕೆ ಅಂಟಿಕೊಂಡಿತು, ಆದರೆ ಮಾಸಾಗಬೇಕಿದ್ದ ಹೊರಪದರವೇ ಹದ್ದು ಮೀರಿ ಬೆಳೆದು, ಅದರ ಎಳೆಗಳು ನೀರು ತುಂಬಿಕೊಂಡು ದ್ರಾಕ್ಷಿಗೊಂಚಲಿನಂತೆ ಊದಿಕೊಂಡವು. ಗರ್ಭಪರೀಕ್ಷೆಯಲ್ಲಿ ಕಾಣುವ ಎಚ್‌ಸಿಜಿ ಹಾರ್ಮೋನು ಆ ಪದರದಿಂದಲೇ ಸ್ರವಿಸುವುದರಿಂದ, ಮಗುವಿಲ್ಲದಿದ್ದರೂ ಪರೀಕ್ಷೆ ಪಾಸಿಟಿವ್ ಬರುತ್ತದೆ, ವಾಂತಿಯೂ ಜೋರಾಗಿರಬಹುದು.

ಕಂಪ್ಲೀಟ್ ಮೋಲ್ ಆದವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಮಂದಿಯಲ್ಲಿ ಆ ಅಂಗಾಂಶ ಉಳಿದು ಮತ್ತೆ ಬೆಳೆಯುತ್ತದೆ. ಆಗ ಔಷಧಿ ಬೇಕಾಗುತ್ತದೆ, ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಆದ್ದರಿಂದ ಎಚ್‌ಸಿಜಿ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದಷ್ಟು ಕಾಲ ಒಂದನ್ನೂ ತಪ್ಪಿಸದೆ ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ಗರ್ಭ ಧರಿಸಬೇಡಿ. ಹೊಸ ಗರ್ಭದಿಂದಲೂ ಅದೇ ಹಾರ್ಮೋನು ಏರುವುದರಿಂದ ರೋಗ ಮರಳಿದ್ದು ತಿಳಿಯದೆ ಹೋಗಬಹುದು.

ಮೋಲ್ ಮರುಕಳಿಸುವ ಸಾಧ್ಯತೆ ನೂರಕ್ಕೆ ಸುಮಾರು ಒಂದು ಮಾತ್ರ, ಆದ್ದರಿಂದ ನಿಮಗೆ ಆರೋಗ್ಯವಂತ ಮಗುವಾಗುವ ಭರವಸೆ ದೊಡ್ಡದೇ ಇದೆ. ಮುಂದಿನ ಬಾರಿ ಗರ್ಭ ನಿಂತಾಗ ಈ ಹಿಂದಿನ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಆರಂಭದ ವಾರಗಳಲ್ಲಿಯೇ ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ.