ಗೂಡಂಗಡಿ, ಹೊಗೆಸೊಪ್ಪು, ಗುಟ್ಕಾ: ತಂಬಾಕು ಬಿಡಿಸುವ ಸರ್ಕಾರದ ಪ್ರಯತ್ನಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ಶಾಲೆ ಗೇಟಿನ ಎದುರಿಗೇ ಗೂಡಂಗಡಿ ಇದೆ. ಒಂಬತ್ತನೇ ಕ್ಲಾಸಿನ ಹುಡುಗರೂ ಅಲ್ಲಿ ಒಂದೊಂದೇ ಸಿಗರೇಟು ಕೊಳ್ಳುತ್ತಾರೆ. ಕೇಂದ್ರ ಸರ್ಕಾರ ಕಾನೂನು ಮಾಡಿ ಇಪ್ಪತ್ತು ವರ್ಷ ದಾಟಿತು. ಏನು ಬದಲಾಗಿದೆ? ನಾನೇನು ಮಾಡಬಹುದು?

ಮೇಷ್ಟ್ರೇ, ಬದಲಾಗಿದೆ. 2009-10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟವರ ಪೈಕಿ ಶೇ 34.6ರಷ್ಟು ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ರ ಹೊತ್ತಿಗೆ ಅದು ಶೇ 28.6ಕ್ಕೆ ಇಳಿಯಿತು. ನಮ್ಮ ರಾಜ್ಯದಲ್ಲಿ 28.2ರಿಂದ 22.8ಕ್ಕೆ ಬಂತು. ಬಸ್ಸಿನಲ್ಲಿ, ಹೋಟೆಲಿನಲ್ಲಿ ಪಕ್ಕದವರ ಹೊಗೆ ಕುಡಿಯುತ್ತಾ ಕೂತಿದ್ದ ಕಾಲ ನಿಮಗೂ ನೆನಪಿರುತ್ತದೆ, ಅಲ್ವಾ? 2003ರ ಕೋಟ್ಪಾ, ಅಂದರೆ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ ಮತ್ತು 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಸಾರ್ವಜನಿಕ ಸ್ಥಳಗಳ ನಿಯಮ ಅದಕ್ಕೆ ಕಡಿವಾಣ ಹಾಕಿದವು. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇ 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರಕ್ಕೇ ಬಿಡಬೇಕಾಯಿತು.

ಆದರೆ ಇಷ್ಟು ಕೆಲಸವನ್ನೂ ನೀರುಪಾಲು ಮಾಡುವ ಜಾಗ ನೀವು ಹೇಳಿದ ಆ ಗೂಡಂಗಡಿಯೇ. ಬಿಡಿಯಾಗಿ ಒಂದು ಸಿಗರೇಟು ಕೊಂಡ ಹುಡುಗನ ಕೈಗೆ ಪ್ಯಾಕ್ ಬರುವುದೇ ಇಲ್ಲ. ಎಚ್ಚರಿಕೆಯ ಚಿತ್ರವೂ ಇಲ್ಲ, ಸಹಾಯವಾಣಿಯ ನಂಬರೂ ಇಲ್ಲ. ತೆರಿಗೆ ಏರಿಸಿ ಪ್ಯಾಕಿನ ಬೆಲೆ ಎಷ್ಟೇ ಹೆಚ್ಚಿಸಿದರೂ ಒಂದು ಸಿಗರೇಟಿಗೆ ಆಗುವಷ್ಟು ಚಿಲ್ಲರೆ ಅವನ ಜೇಬಿನಲ್ಲಿ ಇದ್ದೇ ಇರುತ್ತದೆ. ನನ್ನ ಪ್ರಕಾರ ಬಿಡಿ ಮಾರಾಟ ನಿಲ್ಲದೆ ಉಳಿದ ಯಾವ ಕ್ರಮವೂ ಮಕ್ಕಳನ್ನು ಪೂರ್ತಿಯಾಗಿ ಕಾಯಲಾರದು.

ಕೇಂದ್ರದ ಕಾಯ್ದೆ 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನೂ ಶಾಲಾ ಕಾಲೇಜಿನ 100 ಗಜದೊಳಗೆ ಮಾರುವುದನ್ನೂ ನಿಷೇಧಿಸಿದೆ. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು ಇನ್ನೂ ಬಿಗಿ ಮಾಡಿದೆ. 2025ರ ಮೇ ತಿಂಗಳಿಂದ ಇಲ್ಲಿ ವಯಸ್ಸಿನ ಮಿತಿ 21, ದೂರ 100 ಮೀಟರ್. ಬಿಡಿ ಸಿಗರೇಟು ಮಾರುವುದೇ ತಪ್ಪು. 200 ರೂಪಾಯಿ ಇದ್ದ ದಂಡ 1,000 ರೂಪಾಯಿವರೆಗೆ ಏರಿದೆ. ಇದರ ಮೇಲೆ 2015ರ ಬಾಲನ್ಯಾಯ ಕಾಯ್ದೆಯೂ ಇದೆ. 18 ತುಂಬದ ಮಗುವಿಗೆ ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇದು ಹೆಚ್ಚಿನ ಅಂಗಡಿಯವರಿಗೆ ಗೊತ್ತೇ ಇರುವುದಿಲ್ಲ.

ಹಾಗಾಗಿ ಮೊದಲು ಹೋಗಿ ಮಾತಾಡಿ. ಕಾನೂನಿನ ಈ ಭಾಗವನ್ನು ಅವರಿಗೆ ಓದಿ ಹೇಳಿ. ಶಾಲೆ ಕಾಂಪೌಂಡಿನಿಂದ ಟೇಪ್ ಹಿಡಿದು ಅಳತೆ ಮಾಡಿಸಿ, ರಸ್ತೆ ಮೇಲೆ ಹಳದಿ ಗೆರೆ ಎಳೆಸಿ. ಕೇಂದ್ರದ ತಂಬಾಕುಮುಕ್ತ ಶಿಕ್ಷಣ ಸಂಸ್ಥೆಗಳ ಮಾರ್ಗಸೂಚಿಯಲ್ಲೇ ಈ ಗೆರೆಯ ವಿಚಾರ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ಠರಾವು ಮಾಡಿಸಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಕಳಿಸಿ. ಪೊಲೀಸ್ ಠಾಣೆಗೂ ಪಿಡಿಒಗೂ ಪ್ರತಿ ಹೋಗಲಿ. ಒಬ್ಬ ಮೇಷ್ಟ್ರು ಬರೆದ ಪತ್ರಕ್ಕಿಂತ ಪೋಷಕರೆಲ್ಲ ಸಹಿ ಹಾಕಿದ ಠರಾವಿಗೆ ತೂಕ ಜಾಸ್ತಿ. ಶಾಲೆ ಆವರಣದೊಳಗೆ ಯಾರಾದರೂ ಸೇದಿದರೆ ದಂಡ ಹಾಕುವ ಅಧಿಕಾರ ಮುಖ್ಯೋಪಾಧ್ಯಾಯರಿಗೇ ಇದೆ. ಸಿಕ್ಕಿಬಿದ್ದ ಹುಡುಗರನ್ನು ಮಾತ್ರ ದಯವಿಟ್ಟು ಅಸೆಂಬ್ಲಿಯಲ್ಲಿ ನಿಲ್ಲಿಸಿ ಅವಮಾನ ಮಾಡಬೇಡಿ. ಶಾಲೆ ಬಿಟ್ಟಾರೇ ಹೊರತು ಸಿಗರೇಟು ಬಿಡುವುದಿಲ್ಲ.

ಮಗನ ಬ್ಯಾಗಿನಲ್ಲಿ ಪೆನ್‌ಡ್ರೈವ್ ತರಹದ ವೇಪ್ ಸಿಕ್ಕಿತು. ಇದು ಸಿಗರೇಟಲ್ಲ, ಬರೀ ಆವಿ ಅಂತಾನೆ. ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆಯೇ? (ಬೆಂಗಳೂರು)

ಇಲ್ಲ. ವೇಪ್ ಅಂದರೆ ಇ-ಸಿಗರೇಟೇ. 2019ರ ಕೇಂದ್ರ ಕಾಯ್ದೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಾಗಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ಮಾರಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇದರ ಹೊಡೆತ ಮಾರುವವರ ಮೇಲೆ. ಜೈಲಿಗೆ ಹಾಕ್ತಾರೆ ಅಂತ ಸುಮ್ನೆ ಮಗನನ್ನು ಹೆದರಿಸಬೇಡಿ. ಆ ಆವಿಯಲ್ಲಿ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ, ಚಟ ಹಿಡಿಸುವುದು ಅದೇ. ಎಲ್ಲಿಂದ ತಂದ, ದಿನಕ್ಕೆ ಎಷ್ಟು ಸಲ ಬೇಕೆನಿಸುತ್ತದೆ ಅಂತ ಸಮಾಧಾನದಿಂದ ಕೇಳಿ.

ನಾನು ಹುಣಸೂರು ಕಡೆಯ ರೈತ. ಹೊಗೆಸೊಪ್ಪು ಬೆಳೆಯಲು ಲೈಸೆನ್ಸ್ ಕೊಡುವುದೂ ಕೇಂದ್ರ ಸರ್ಕಾರ, ತಂಬಾಕು ಬಿಡಿ ಅಂತ ಜಾಹೀರಾತು ಹಾಕುವುದೂ ಕೇಂದ್ರ ಸರ್ಕಾರ. ಇದು ಯಾವ ನ್ಯಾಯ?

ನಿಮ್ಮ ಸಿಟ್ಟು ಸರಿಯಾಗಿದೆ, ಯಜಮಾನ್ರೇ. ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ. ಕಚೇರಿ ಗುಂಟೂರಿನಲ್ಲಿ, ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ. ಬೆಳೆಗಾರರ ನೋಂದಣಿ, ಬ್ಯಾರನ್ (ಸೊಪ್ಪು ಹದ ಮಾಡುವ ಮನೆ) ಲೈಸೆನ್ಸ್, ಹರಾಜು ಎಲ್ಲ ಅದರ ಕೆಲಸ. ತಂಬಾಕು ಬಿಡಿಸುವ ಕೆಲಸ ಆರೋಗ್ಯ ಸಚಿವಾಲಯದ್ದು. ಒಂದೇ ಸರ್ಕಾರದ ಎರಡು ಕೈ ಎರಡು ದಿಕ್ಕಿಗೆ ಎಳೆಯುತ್ತಿವೆ. ಇದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ.

ಭಾರತ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲೇ ಬೆಳೆಗಾರರಿಗೆ, ಕಾರ್ಮಿಕರಿಗೆ ಬೇರೆ ಜೀವನೋಪಾಯ ತೋರಿಸಬೇಕು ಎಂಬ ಮಾತಿದೆ. ಬೇರೆ ಬೆಳೆಗೆ ಬದಲಾಗಲು ನೆರವು ಕೊಡುವ ಕೇಂದ್ರದ ಬೆಳೆ ವೈವಿಧ್ಯ ಯೋಜನೆಯನ್ನು 2015-16ರಿಂದ ತಂಬಾಕು ಬೆಳೆಯುವ ರಾಜ್ಯಗಳಿಗೂ ವಿಸ್ತರಿಸಿದರು, ಅದರಲ್ಲಿ ಕರ್ನಾಟಕವೂ ಇದೆ. ಆದರೆ ಹರಾಜು ಕಟ್ಟೆಯಲ್ಲಿ ಸೊಪ್ಪಿಗೆ ಖಾತ್ರಿಯಾಗಿ ಕೊಳ್ಳುವವರಿದ್ದಾರೆ. ಬೇರೆ ಬೆಳೆಗೆ ಅಂಥ ಮಾರುಕಟ್ಟೆ ಕಟ್ಟಿಕೊಡದೆ ಬರೀ ಬೀಜ ಗೊಬ್ಬರ ಕೊಟ್ಟರೆ ಹುಣಸೂರು, ಪಿರಿಯಾಪಟ್ಟಣದ ರೈತ ಯಾಕೆ ಬದಲಾಯಿಸುತ್ತಾನೆ? ಸರ್ಕಾರ ಮೊದಲು ಇದಕ್ಕೆ ದುಡ್ಡು ಹಾಕಬೇಕು. ಬೀಡಿ ಕಟ್ಟಿ ಮನೆ ನಡೆಸುವ ದಕ್ಷಿಣ ಕನ್ನಡದ ಹೆಣ್ಣುಮಕ್ಕಳ ವಿಷಯದಲ್ಲೂ ನಾನು ಇದನ್ನೇ ಹೇಳುತ್ತೇನೆ.

ವೈದ್ಯನಾಗಿ ಒಂದು ಮಾತು. ಇಬ್ಬನಿಗೆ ಒದ್ದೆಯಾದ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ಸುಸ್ತು ಕಾಣಿಸಿಕೊಳ್ಳುವುದು ಅದರಿಂದ. ಬಿಸಿಲಿನ ಝಳ ಅಂತ ಕಡೆಗಣಿಸಬೇಡಿ. ಎಲೆ ಮೇಲಿನ ಇಬ್ಬನಿ ಆರಿದ ಮೇಲೆ ಮುರಿಯಿರಿ. ಗ್ಲೌಸ್, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಬಸುರಿಯರನ್ನೂ ಮಕ್ಕಳನ್ನೂ ಈ ಕೆಲಸಕ್ಕೆ ಇಳಿಸಲೇಬೇಡಿ.

ನಮ್ಮ ಯಜಮಾನರು ಲಾರಿ ಡ್ರೈವರ್. ಹದಿನೈದು ವರ್ಷದಿಂದ ಗುಟ್ಕಾ ಹಾಕುತ್ತಾರೆ. ನಿಷೇಧ ಆಗಿದೆ ಅಂತಾರೆ, ಎಲ್ಲ ಕಡೆ ಸಿಗುತ್ತದೆ. ಬಿಡುತ್ತೇನೆ ಅಂತ ಎಷ್ಟೋ ಸಲ ಆಣೆ ಮಾಡಿದರು, ಎರಡು ದಿನವೂ ನಿಲ್ಲಲಿಲ್ಲ. ಇತ್ತೀಚೆಗೆ ಖಾರ ತಿಂದರೆ ಬಾಯಿ ಉರಿ ಅಂತಾರೆ. (ಕೊಪ್ಪಳ)

ಅಮ್ಮಾ, ತಿನ್ನುವ ಪದಾರ್ಥದಲ್ಲಿ ತಂಬಾಕು ಬೆರೆಸಬಾರದು ಎಂಬ 2011ರ ಕೇಂದ್ರ ಆಹಾರ ಸುರಕ್ಷತಾ ನಿಯಮದ ಆಧಾರದ ಮೇಲೆ ಕರ್ನಾಟಕ 2013ರ ಮೇ 31ರಂದು ಗುಟ್ಕಾ ನಿಷೇಧಿಸಿತು. ಕಂಪನಿಗಳು ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಮಾರತೊಡಗಿದವು. ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ನಿಮಗೆ ಎಲ್ಲ ಕಡೆ ಕಾಣುತ್ತಿರುವುದು ಇದೇ.

ಎರಡು ದಿನಕ್ಕೆ ಸೋತರು ಅಂದರೆ ಮನಸ್ಸು ಗಟ್ಟಿ ಇಲ್ಲ ಅಂತಲ್ಲ. ನಿಕೋಟಿನ್ ಸಿಗದಿದ್ದಾಗ ಆಗುವ ಸಿಡುಕು, ತಲೆನೋವು, ನಿದ್ದೆಗೇಡು ಮೊದಲ ಎರಡು ಮೂರು ದಿನವೇ ಜಾಸ್ತಿ. ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಆ ದಿನಗಳಲ್ಲಿ ಜೊತೆಗೆ ಯಾರಾದರೂ ಬೇಕು. ಅದಕ್ಕೇ ಕೇಂದ್ರ ಸರ್ಕಾರದ ಸಹಾಯವಾಣಿ ಇರುವುದು: 1800-11-2356. ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಮಾತಾಡಬಹುದು. ಎಷ್ಟು ಹಾಕುತ್ತೀರಿ, ಯಾವಾಗ ಆಸೆ ಜಾಸ್ತಿ ಅಂತ ಕೇಳಿ, ಬಿಡುವ ದಿನ ಗೊತ್ತು ಮಾಡಿ, ಆಮೇಲೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. ರಾತ್ರಿ ಗಾಡಿ ಓಡಿಸುವಾಗ ನಿದ್ದೆ ತಡೆಯಲು ಹಾಕುತ್ತಿದ್ದರೆ ಅದನ್ನು ಮರೆಯದೆ ಹೇಳಲಿ. ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನ ಬಿಡಿಸುವ ಕೇಂದ್ರದಲ್ಲೂ ಸಲಹೆ ಸಿಗುತ್ತದೆ. ಅಲ್ಲಿಯ ಡಾಕ್ಟರು ನಿಕೋಟಿನ್ ಗಮ್ ಕೊಟ್ಟರೆ ಅದನ್ನು ಬಬಲ್‌ಗಮ್ ತರಹ ಜಗಿಯಬಾರದು. ನಾಲಿಗೆ ಚುರುಗುಟ್ಟುವ ತನಕ ನಿಧಾನಕ್ಕೆ ಜಗಿದು, ಕೆನ್ನೆ ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಹೋದ ಮೇಲೆ ಮತ್ತೆ ಜಗಿಯಬೇಕು.

ಬಾಯಿ ಉರಿಯ ವಿಷಯಕ್ಕೆ ಬರುತ್ತೇನೆ, ಇದಕ್ಕೆ ಕಾಯುವ ಹಾಗಿಲ್ಲ. ಇವತ್ತೇ ಅವರ ಬಾಯಿ ಅಗಲಿಸಿ ನೋಡಿ. ಅವರದೇ ಮೂರು ಬೆರಳು ಒಂದರ ಮೇಲೊಂದು ನೇರವಾಗಿ ಹಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರ ದಾಟಿದರೂ ಮಾಯದ ಹುಣ್ಣಿದ್ದರೆ ಅದು ಕ್ಯಾನ್ಸರಿಗೆ ಮುಂಚಿನ ಸ್ಥಿತಿ ಇರಬಹುದು, ಕ್ಯಾನ್ಸರೂ ಇರಬಹುದು. ಬೆರಳು ಸರಾಗವಾಗಿ ಹೋದರೂ ಉರಿ ಇರುವುದರಿಂದ ಪರೀಕ್ಷೆ ಬೇಕೇ ಬೇಕು. ಮುಂದಿನ ಟ್ರಿಪ್ಪಿಗೆ ಹೊರಡುವ ಮುಂಚೆ ದಂತ ವೈದ್ಯರಿಗೆ ತೋರಿಸಿ. ಗುಟ್ಕಾ ಬಿಟ್ಟ ಮೇಲೆ ಹೋಗೋಣ ಅಂತ ಅವರು ಮುಂದೂಡಲು ನೋಡುತ್ತಾರೆ, ಬಿಡಬೇಡಿ.